ವಿಶ್ವಾಸ ಪ್ರಮಾಣ: ಹೊರೆಯಲ್ಲ, ಕೆರೆಯ ಏರಿ

ಭಾನುವಾರದ ಬಲಿಪೂಜೆಯಲ್ಲಿ ಪ್ರಬೋಧನೆ ಮುಗಿದು ಎಲ್ಲರೂ ಎದ್ದು ನಿಲ್ಲುತ್ತೇವೆ. ಮುಂದೆ ನಡೆಯುವುದೇನು? ಕೆಲವೆಡೆ ವಿಶ್ವಾಸ ಪ್ರಮಾಣವನ್ನು ಬಸ್ಸು ತಪ್ಪಿಹೋಗುವ ಅವಸರದಲ್ಲಿ ಒಪ್ಪಿಸಿಬಿಡುತ್ತೇವೆ. ಕೆಲವೆಡೆ ಅದರ ಸ್ಥಾನದಲ್ಲಿ ಕಿವಿಗಿಂಪಾದ ಗೀತೆಯೊಂದು ಬರುತ್ತದೆ. ಮತ್ತೆ ಕೆಲವೆಡೆ ‘ವೇಳೆಯಾಯಿತು’ ಎಂದು ನೇರವಾಗಿ ವಿಶ್ವಾಸಿಗಳ ಪ್ರಾರ್ಥನೆಗೆ ದಾಟುತ್ತೇವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯಲ್ಲಿ ಒಂದೇ ಬೆಳಗಿನಲ್ಲಿ ಎರಡು ಮೂರು ಕಡೆ ಪೂಜೆ ಅರ್ಪಿಸಬೇಕಾಗಿದ್ದ ದಿನಗಳಲ್ಲಿ ನಾನೂ ಹಾಗೆ ಮಾಡಿದವನೇ. ಆ ತಪ್ಪನ್ನು ಒಪ್ಪಿಕೊಂಡೇ ಹೇಳುತ್ತೇನೆ: ಇದು ಸಣ್ಣ ವಿಷಯವಲ್ಲ.

ಒಮ್ಮೆ ಅರಕಲಗೂಡಿನ ಕಡೆಯ ಮನೆಯೊಂದಕ್ಕೆ, ಕೊನೆಯ ಗಳಿಗೆಯಲ್ಲಿದ್ದ ಅಜ್ಜಿಗೆ ರೋಗಿಗಳ ಅಭ್ಯಂಗ ಸಂಸ್ಕಾರ ನೀಡಲು ಹೋಗಿದ್ದೆ. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಪ್ರೇಷಿತರ ವಿಶ್ವಾಸ ಸಂಗ್ರಹವನ್ನು ಏದುಸಿರಿನ ನಡುವೆಯೂ ಆದಿಯಿಂದ ಅಂತ್ಯದವರೆಗೆ ಹೇಳಿದರು. ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ಮೊಮ್ಮಗ ಎರಡನೆಯ ಸಾಲಿಗೇ ಮೌನವಾದ. ಅಂಗಳಕ್ಕೆ ಬಂದು, “ಫಾದರ್, ಚರ್ಚಿನಲ್ಲಿ ಎಲ್ಲರ ಜೊತೆ ಹೇಳುವಾಗ ಬರುತ್ತದೆ, ಒಬ್ಬನೇ ಹೇಳಲು ಬರುವುದಿಲ್ಲ” ಎಂದ. ತಪ್ಪು ಅವನದಲ್ಲ. ಅಜ್ಜಿಯಿಂದ ಮೊಮ್ಮಗನಿಗೆ ದಾಟಬೇಕಾಗಿದ್ದ ಆಸ್ತಿಯನ್ನು ನಡುವಿನ ತಲೆಮಾರಿನವರಾದ ನಾವು, ಗುರುಗಳೂ ತಂದೆತಾಯಂದಿರೂ, ಕೈಬಿಟ್ಟೆವು. ಕೈಬಿಟ್ಟದ್ದಕ್ಕೆ ನಾವು ಕೊಡುವ ಸಮರ್ಥನೆಗಳು ಮೂರು. ಒಂದೂ ನಿಲ್ಲುವುದಿಲ್ಲ.

ಮೊದಲನೆಯದು: ‘ವಿಶ್ವಾಸ ಪ್ರಮಾಣ ಬೈಬಲ್ಲಿನಲ್ಲಿಲ್ಲ.’ ಮನೆಮನೆಯ ಪ್ರಾರ್ಥನಾಕೂಟಗಳಿಂದ ಈ ಮಾತು ನಮ್ಮ ಯುವಕರ ಬಾಯಿಗೂ ಬಂದಿದೆ. ಅವರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯವನ್ನು ತೆರೆದು ನೋಡಲಿ. ಕ್ರಿಸ್ತರು ನಮ್ಮ ಪಾಪಗಳಿಗಾಗಿ ಸತ್ತರು, ಸಮಾಧಿಯಾದರು, ಮೂರನೆಯ ದಿನ ಪುನರುತ್ಥಾನ ಹೊಂದಿದರು ಎಂಬ ಸಾರವನ್ನು ತಾನು ಪಡೆದುಕೊಂಡು ಇತರರಿಗೆ ಒಪ್ಪಿಸಿದ್ದಾಗಿ ಸಂತ ಪೌಲರೇ ಹೇಳುತ್ತಾರೆ. ಅಂದರೆ ಅವರು ಪತ್ರ ಬರೆಯುವ ಮೊದಲೇ ಧರ್ಮಸಭೆಯ ನಾಲಗೆಯ ಮೇಲೆ ವಿಶ್ವಾಸದ ಸಾರವೊಂದಿತ್ತು. ಇನ್ನೊಂದು ಸಂಗತಿ. ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಪಟ್ಟಿಮಾಡಿ ನಮಗೆ ದೊರೆತಿರುವ ಮೊತ್ತಮೊದಲ ದಾಖಲೆ 367ರಲ್ಲಿ ಸಂತ ಅಥನಾಸಿಯರು ಬರೆದ ಪಾಸ್ಖ ಪತ್ರ. ನೈಸಿಯಾದ ವಿಶ್ವಾಸ ಪ್ರಮಾಣಕ್ಕಾಗಿ ಐದು ಬಾರಿ ಗಡೀಪಾರಾದವರೂ ಅವರೇ. ಅವರ ಪಟ್ಟಿ ಬೇಕು, ಅವರ ಪ್ರಮಾಣ ಬೇಡ ಎನ್ನುವುದು ಯಾವ ನ್ಯಾಯ?

ಎರಡನೆಯದು: ‘ಪ್ರೀತಿಯಿದ್ದರೆ ಸಾಕು, ಸಿದ್ಧಾಂತವೇಕೆ?’ ನಮ್ಮ ರೈತರಿಗೆ ಇದರ ಉತ್ತರ ಗೊತ್ತಿದೆ. ಏರಿಯಿಲ್ಲದ ಕೆರೆಯಲ್ಲಿ ನೀರು ನಿಲ್ಲದು. ಏರಿ ಬಾಯಾರಿಕೆ ತಣಿಸುವುದಿಲ್ಲ ಎಂಬುದು ನಿಜ. ಆದರೆ ತಣಿಸುವ ನೀರನ್ನು ಉಳಿಸುವುದು ಅದೇ. ಪುತ್ರನು ಸೃಷ್ಟಿಗಳಲ್ಲಿ ಶ್ರೇಷ್ಠನೇ ಹೊರತು ಪಿತನಿಗೆ ಸಮಾನನಾದ ದೇವರಲ್ಲ ಎಂದು ಆರಿಯಸ್ ಎಂಬ ಗುರು ಬೋಧಿಸಿದಾಗ, 325ರಲ್ಲಿ ನೈಸಿಯಾದಲ್ಲಿ ಸುಮಾರು 300 ಧರ್ಮಾಧ್ಯಕ್ಷರು ಕೂಡಿದರು. ಅವರಲ್ಲಿ ಕೆಲವರ ಮೈಮೇಲೆ ಹಿಂಸೆಯ ಕಾಲದ ಗಾಯದ ಗುರುತುಗಳಿದ್ದವೆಂದು ಪ್ರಾಚೀನ ಇತಿಹಾಸಕಾರರು ಬರೆದಿದ್ದಾರೆ. ಪುತ್ರನು ಪಿತನೊಡನೆ ಏಕಸತ್ವವುಳ್ಳವನು ಎಂದು ಅವರು ಸಾರಿದ್ದು ಪಾಂಡಿತ್ಯದ ಪ್ರದರ್ಶನಕ್ಕಲ್ಲ. ಶಿಲುಬೆಯ ಮೇಲೆ ಪ್ರಾಣ ಕೊಟ್ಟವರು ದೇವರಲ್ಲದಿದ್ದರೆ, ದೇವರು ನಮ್ಮನ್ನು ಪ್ರೀತಿಸಿ ತಮ್ಮನ್ನೇ ಕೊಟ್ಟರೆಂದು ಯಾವ ಬಾಯಿಂದ ಹೇಳೋಣ? ಪ್ರೀತಿಯ ಮಾತೇ ಈ ಸಿದ್ಧಾಂತದ ಮೇಲೆ ನಿಂತಿದೆ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಪವಿತ್ರಾತ್ಮರ ಕುರಿತು ಇನ್ನಷ್ಟು ಸ್ಪಷ್ಟಪಡಿಸಿದ ಪ್ರಮಾಣವನ್ನೇ ನಾವು ಇಂದು ಉಚ್ಚರಿಸುತ್ತೇವೆ. ಆರಿಯಸನ ವಾದವಾದರೋ ಸತ್ತಿಲ್ಲ. ಇಂದಿಗೂ ಬಣ್ಣದ ಪತ್ರಿಕೆ ಹಿಡಿದು ಬಾಗಿಲು ತಟ್ಟುತ್ತದೆ. ಆಗ ಬಾಗಿಲು ತೆರೆಯುವ ನಿಮ್ಮ ಮಗಳ ಬಳಿ ಉತ್ತರವಿದೆಯೇ?

ಮೂರನೆಯದು: ‘ಸಮಯವಿಲ್ಲ.’ ವಿಶ್ವಾಸ ಪ್ರಮಾಣಕ್ಕೆ ಬೇಕಾದದ್ದು ಎರಡು ನಿಮಿಷ. ಆದಿ ಕ್ರೈಸ್ತರು ಅದಕ್ಕೆ ವಾರಗಳನ್ನೇ ಮೀಸಲಿಟ್ಟರು. ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿಗೆ ಅದನ್ನು ಬಾಯಿಮಾತಿನಲ್ಲಿ ಒಪ್ಪಿಸಲಾಗುತ್ತಿತ್ತು. ಅವರು ಕಂಠಪಾಠ ಮಾಡಿ ಸಭೆಯ ಮುಂದೆ ಮರಳಿ ಒಪ್ಪಿಸುತ್ತಿದ್ದರು. ಅದನ್ನು ಕಾಗದದ ಮೇಲಲ್ಲ, ಹೃದಯದಲ್ಲಿ ಬರೆದುಕೊಳ್ಳಿರೆಂದು ಜೆರುಸಲೇಮಿನ ಸಂತ ಸಿರಿಲ್ಲರು ಬೋಧಿಸಿದರು. ರೋಮಿನ ಪ್ರಸಿದ್ಧ ವಾಗ್ಮಿ ವಿಕ್ಟೋರಿನಸ್ಸನಿಗೆ ಏಕಾಂತದಲ್ಲಿ ಹೇಳುವ ಅವಕಾಶ ಕೊಟ್ಟರೂ, ಆತ ಎಲ್ಲರೆದುರಿನಲ್ಲೇ ಹೇಳಿದನೆಂದು ಸಂತ ಆಗಸ್ಟೀನರು ದಾಖಲಿಸಿದ್ದಾರೆ. ರೋಮಿನ ಬಲಿಪೂಜೆಯಲ್ಲಿ ಅದು ಸ್ಥಾನ ಪಡೆದದ್ದು 1014ರಲ್ಲಿ. ಇಂದು ಭಾನುವಾರಗಳಲ್ಲಿ, ಮಹೋತ್ಸವಗಳಲ್ಲಿ ಅದನ್ನು ಗುರುವೂ ಜನರೂ ಕೂಡಿ ಹೇಳಬೇಕೆಂಬುದು ಪೂಜಾಗ್ರಂಥದ ವಿಧಿ. ಬಿಡುವ ಅಧಿಕಾರ ಗುರುವಿಗೂ ಇಲ್ಲ, ಗಾಯನವೃಂದಕ್ಕೂ ಇಲ್ಲ. ಅದು ಜನರ ಮಾತು. ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವವನು ಪ್ರಮಾಣವನ್ನು ಗೊಣಗುತ್ತಾನೆಯೇ?

ನೈಸಿಯಾ ಮಹಾಸಭೆಗೆ 1700 ವರ್ಷ ತುಂಬಿದ 2025ರ ನವೆಂಬರ್ 28ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು, ಈಗ ಇಜ್ನಿಕ್ ಎನಿಸಿಕೊಳ್ಳುವ ಆ ಊರಿಗೆ ಹೋದರು. ಸರೋವರದಲ್ಲಿ ಮುಳುಗಿದ್ದು ಬೆಳಕಿಗೆ ಬಂದ ಪುರಾತನ ಬೆಸಿಲಿಕಾದ ಅವಶೇಷಗಳ ಬಳಿ, ಪೇತ್ರಿಯಾರ್ಕ್ ಬಾರ್ಥೊಲೊಮ್ಯೂ ಹಾಗೂ ಇತರ ಕ್ರೈಸ್ತ ನಾಯಕರೊಡನೆ ನಿಂತು ಅದೇ ವಿಶ್ವಾಸ ಪ್ರಮಾಣವನ್ನು ಹೇಳಿದರು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ನಮ್ಮ ಶೆಟ್ಟಿಹಳ್ಳಿ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಹೇಮಾವತಿಯ ದಡದಲ್ಲಿ ಕಟ್ಟಿದ ಆ ದೇವಾಲಯ, ಗೊರೂರಿನ ಅಣೆಕಟ್ಟೆಯ ಹಿನ್ನೀರಿಗೆ ಸಿಕ್ಕಿತು. ಊರು ಬಿಟ್ಟ ಕುಟುಂಬಗಳು ಗೋಡೆಗಳನ್ನು ಹೊತ್ತೊಯ್ಯಲಿಲ್ಲ. ಬಾಯಲ್ಲಿದ್ದ ಪ್ರಾರ್ಥನೆಯನ್ನು ಒಯ್ದರು. ಇಂದು ಪ್ರವಾಸಿಗರು ಆ ಪಾಳುಗೋಡೆಗಳ ಚಿತ್ರ ತೆಗೆಯುತ್ತಾರೆ. ನೀರು ನುಂಗಿದ ದೇವಾಲಯದ ಬದಲು ಮತ್ತೊಂದನ್ನು ಕಟ್ಟಬಹುದು. ಮರೆತ ವಿಶ್ವಾಸ ಪ್ರಮಾಣದ ಮೇಲೆ ಎಷ್ಟು ಭವ್ಯವಾದ ದೇವಾಲಯ ಕಟ್ಟಿದರೂ ಅದು ಹೊಸ ಪಾಳುಗೋಡೆಯೇ.

ಆದುದರಿಂದ ಸಹೋದರ ಗುರುಗಳಲ್ಲಿ ನನ್ನ ವಿನಂತಿ: ವೇಳೆ ಸಾಲದಿದ್ದರೆ ಪ್ರಕಟಣೆಗಳನ್ನು ಮೊಟಕುಗೊಳಿಸೋಣ, ನಮ್ಮ ಪ್ರಬೋಧನೆಯನ್ನೂ ಮೊಟಕುಗೊಳಿಸೋಣ, ಜನರ ಪ್ರಮಾಣವನ್ನು ಕಸಿಯದಿರೋಣ. ತಂದೆತಾಯಂದಿರೇ, ಸಂಜೆಯ ಜಪಸರಕ್ಕೆ ಕುಳಿತಾಗ ವಾರಕ್ಕೊಂದು ವಾಕ್ಯವನ್ನು ಮಕ್ಕಳಿಗೆ ಕಲಿಸಿರಿ, ಅರ್ಥ ಹೇಳಿರಿ. ತಿಳಿಯದಿದ್ದರೆ ಧರ್ಮಕೇಂದ್ರದ ಗುರುಗಳನ್ನು ಕೇಳಿರಿ. ಕೇಳಿಸಿಕೊಳ್ಳುವುದು ನಮ್ಮ ಕರ್ತವ್ಯ. ದೀಕ್ಷಾಸ್ನಾನದ ದಿನ ಮಗುವಿನ ಪರವಾಗಿ ‘ವಿಶ್ವಾಸಿಸುತ್ತೇನೆ’ ಎಂದವರು ನೀವು. ಆ ಮಾತನ್ನು ಮಗು ತನ್ನ ಬಾಯಿಂದಲೇ ಹೇಳುವಂತೆ ಮಾಡುವವರೆಗೆ ನೀವು ಕೊಟ್ಟ ಮಾತು ಪೂರ್ಣವಾಗುವುದಿಲ್ಲ.