ಮುಟ್ಟದ ಕೈಯ ಕರುಣೆ

ಇಪ್ಪತ್ತೆರಡನೆಯ ತೀರ್ಥಂಕರರಾದ ನೇಮಿನಾಥರ ವಿವಾಹದ ಮೆರವಣಿಗೆಯ ಕಥೆಯನ್ನು ಕೇಳದ ಜೈನ ಮನೆಯ ಮಗು ವಿರಳ. ವರನ ಅಲಂಕಾರದಲ್ಲಿ ರಥವೇರಿ ರಾಜೀಮತಿಯ ಮನೆಯತ್ತ ಸಾಗುತ್ತಿದ್ದ ಅವರ ಕಿವಿಗೆ ಮಂಗಳವಾದ್ಯಗಳ ನಡುವೆ ಬೇರೊಂದು ಧ್ವನಿ ಬಿತ್ತು. ಅದು ಬೇಲಿಯೊಳಗೆ ಕೂಡಿಹಾಕಿದ್ದ ಮೃಗಗಳ ಆರ್ತನಾದ. ಮದುವೆಯ ಔತಣಕ್ಕಾಗಿ ಅವನ್ನು ತರಲಾಗಿದೆಯೆಂದು ತಿಳಿದೊಡನೆ ಅವರು ರಥವನ್ನು ಹಿಂದಿರುಗಿಸಿದರು. ಮೃಗಗಳಿಗೆ ಬಿಡುಗಡೆ ದೊರೆಯಿತು. ನೇಮಿನಾಥರು ಊರ್ಜಯಂತಗಿರಿಯನ್ನೇರಿದರು.

ಕಥೆ ಮುಗಿದಾಗ ಮಕ್ಕಳು ಕೇಳುವ ಪ್ರಶ್ನೆಯೊಂದುಂಟು: ಬಿಟ್ಟ ಮೇಲೆ ಆ ಜಿಂಕೆಗಳು ಎಲ್ಲಿಗೆ ಹೋದವು? ಕಾಡಿಗೆ ಹೋದವು ಎಂದು ಹಿರಿಯರು ಉತ್ತರಿಸುತ್ತಾರೆ. ಆ ಉತ್ತರದಲ್ಲಿ ಎರಡು ನಂಬಿಕೆಗಳು ಅಡಗಿವೆ. ಕಾಡು ಇನ್ನೂ ಅಲ್ಲಿದೆ ಎಂಬುದು ಒಂದು. ಜಿಂಕೆಗೆ ಕಾಡಿನಲ್ಲಿ ಬದುಕಲು ಗೊತ್ತಿದೆ ಎಂಬುದು ಇನ್ನೊಂದು. ಈ ಕಾಲದಲ್ಲಿ ಎರಡೂ ನಿಶ್ಚಿತವಲ್ಲ. ಬಾಗಿಲು ತೆರೆದ ಮಾತ್ರಕ್ಕೆ ಬಿಡುಗಡೆಯಾಗದ ಪ್ರಾಣಿಗಳು ಸಾವಿರಾರು ಇವೆ. ಅವುಗಳಿಗಾಗಿಯೇ ಜಗತ್ತಿನ ಮಳೆಕಾಡುಗಳ ಅಂಚಿನಲ್ಲಿ ರಕ್ಷಣಾ ಹಾಗೂ ಪುನರ್ವಸತಿ ಕೇಂದ್ರಗಳು ಹುಟ್ಟಿಕೊಂಡಿವೆ. ಕೆಲವು ವಾರಗಳ ಮಟ್ಟಿಗೆ ಅಲ್ಲಿ ಸ್ವಯಂಸೇವಕರಾಗಿ ದುಡಿಯಲು ದೂರದೇಶಗಳಿಂದ ತರುಣ ತರುಣಿಯರು ಹೋಗುತ್ತಾರೆ. ಶ್ರಾವಕ ಮನೆಯ ಮಗಳೋ ಮಗನೋ ಹಾಗೆ ಹೊರಟು ನಿಂತರೆ ಹಿರಿಯರು ಏನೆನ್ನಬೇಕು? ಈ ಪ್ರಶ್ನೆಯನ್ನು ಧರ್ಮದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ.

ಮಲೇಷ್ಯಾಕ್ಕೆ ಸೇರಿದ, ಬೋರ್ನಿಯೊ ದ್ವೀಪದ ಸಬಾ ರಾಜ್ಯದಲ್ಲಿ ಸಂಡಕಾನ್ ಎಂಬ ಬಂದರು ಪಟ್ಟಣವಿದೆ. ಅದರ ಸಮೀಪದ ಸೆಪಿಲೋಕ್‌ನಲ್ಲಿ 1964ರಲ್ಲಿ ಒರಾಂಗುಟಾನ್‌ಗಳ ಪುನರ್ವಸತಿ ಕೇಂದ್ರ ಸ್ಥಾಪನೆಯಾಯಿತು. ಮಲಯ ಭಾಷೆಯಲ್ಲಿ ಒರಾಂಗ್ ಎಂದರೆ ಮನುಷ್ಯ, ಹುಟಾನ್ ಎಂದರೆ ಕಾಡು. ಆ ಪ್ರಾಣಿಯ ಹೆಸರೇ ವನಮಾನವ. ಕೇಂದ್ರವನ್ನು ಸುತ್ತುವರಿದಿರುವುದು ಸುಮಾರು 43 ಚದರ ಕಿಲೋಮೀಟರ್ ವಿಸ್ತಾರದ ರಕ್ಷಿತ ಅರಣ್ಯ. ಅದರ ಪಕ್ಕದಲ್ಲೇ ಸನ್ ಬೇರ್ ಎಂಬ ಅತಿ ಚಿಕ್ಕ ಜಾತಿಯ ಕರಡಿಗಳಿಗಾಗಿ ಇನ್ನೊಂದು ಕೇಂದ್ರವಿದೆ. ವಾಂಗ್ ಸಿಯೂ ಟೆ ಎಂಬ ಮಲೇಷ್ಯಾದ ಜೀವವಿಜ್ಞಾನಿ ಅದನ್ನು 2008ರಲ್ಲಿ ಆರಂಭಿಸಿದರು. ಎದೆಯ ಮೇಲೆ ಹೊಂಬಣ್ಣದ ಗುರುತಿರುವ ಈ ಕರಡಿ ಭಾರತದ ಈಶಾನ್ಯ ರಾಜ್ಯಗಳಲ್ಲಿಯೂ ಉಂಟು.

ಒರಾಂಗುಟಾನ್ ತಾಯಿ ಏಳೆಂಟು ವರ್ಷಗಳಿಗೊಮ್ಮೆ ಒಂದೇ ಒಂದು ಮರಿಯನ್ನು ಹೆರುತ್ತದೆ. ಮರಿ ಆರೇಳು ವರ್ಷ ತಾಯಿಯ ಬೆನ್ನು ಬಿಡುವುದಿಲ್ಲ. ಯಾವ ಹಣ್ಣು ಯಾವಾಗ ಮಾಗುತ್ತದೆ, ಯಾವ ಎಲೆ ತಿನ್ನಬಹುದು, ಕೊಂಬೆಗಳನ್ನು ಬಾಗಿಸಿ ರಾತ್ರಿಯ ಹಾಸಿಗೆಯನ್ನು ಹೇಗೆ ಹೆಣೆಯಬೇಕು ಎಂಬುದನ್ನೆಲ್ಲ ಅದು ತಾಯಿಯನ್ನು ನೋಡಿ ನೋಡಿ ಕಲಿಯುತ್ತದೆ. ಅಂತಹ ಮರಿಯನ್ನು ಸಾಕುಪ್ರಾಣಿಯಾಗಿ ಮಾರಲು ಹಿಡಿಯುವವರು ಸಾಮಾನ್ಯವಾಗಿ ಮೊದಲು ತಾಯಿಯನ್ನು ಕೊಲ್ಲುತ್ತಾರೆ. ಕಾಡು ಕಡಿದು ತೋಟ ಮಾಡುವಾಗಲೂ ಮರಿಗಳು ಅನಾಥವಾಗುತ್ತವೆ. ಕೇಂದ್ರಕ್ಕೆ ಬರುವ ಮರಿ ತಾಯಿಯನ್ನು ಕಳೆದುಕೊಂಡಿರುವುದರ ಜೊತೆಗೆ ತನ್ನ ಏಕೈಕ ಪಾಠಶಾಲೆಯನ್ನೂ ಕಳೆದುಕೊಂಡಿರುತ್ತದೆ.

ಆದುದರಿಂದ ಅಲ್ಲಿಯ ಕೆಲಸವೆಲ್ಲ ಒಂದು ಬಗೆಯ ಶಿಕ್ಷಣವೇ. ಹೊಸದಾಗಿ ಬಂದ ಮರಿಯನ್ನು ಮೊದಲು ಪ್ರತ್ಯೇಕವಾಗಿರಿಸಿ ರೋಗಪರೀಕ್ಷೆ ನಡೆಸುತ್ತಾರೆ. ಬಳಿಕ ಹತ್ತುವುದನ್ನು, ಹಗ್ಗ ಹಿಡಿದು ತೂಗುವುದನ್ನು, ತನ್ನ ಓರಗೆಯ ಮರಿಗಳೊಡನೆ ಬೆರೆಯುವುದನ್ನು ಅದು ಕಲಿಯಬೇಕು. ಮುಂದಿನ ಹಂತದಲ್ಲಿ ಕಾಡಿನ ನಡುವಿನ ಅಟ್ಟಣೆಯ ಮೇಲೆ ಆಹಾರವಿಡುತ್ತಾರೆ. ಆ ಆಹಾರವನ್ನು ಬೇಕೆಂದೇ ರುಚಿವೈವಿಧ್ಯವಿಲ್ಲದಂತೆ ಇಡುವ ಪದ್ಧತಿಯುಂಟು. ಬೇಸರ ಹುಟ್ಟಿದರೆ ಪ್ರಾಣಿ ತಾನಾಗಿ ಕಾಡಿನ ಹಣ್ಣನ್ನು ಹುಡುಕಿಕೊಂಡು ಹೋಗಲಿ ಎಂಬುದೇ ಉದ್ದೇಶ. ಒಂದು ದಿನ ಅದು ಅಟ್ಟಣೆಗೆ ಬರುವುದನ್ನೇ ನಿಲ್ಲಿಸುತ್ತದೆ. ಸೇವೆ ಮಾಡಿದವರ ಪಾಲಿಗೆ ಅದೇ ಸಿದ್ಧಿ. ಶಿಷ್ಯ ಹಿಂದಿರುಗಿ ನೋಡದೆ ನಡೆದುಹೋದಾಗ ಗುರುವಿಗೆ ಸಂತೋಷವಾಗುವ ವಿದ್ಯೆ ಇದು.

ಇಂತಹ ಕೇಂದ್ರಗಳಲ್ಲಿ ಉತ್ತಮವಾದವುಗಳಿಗೆ ಹೋದ ಸ್ವಯಂಸೇವಕನಿಗೆ ಮೊದಲ ದಿನವೇ ಹೇಳುವ ನಿಯಮ ಒಂದೇ: ಪ್ರಾಣಿಯನ್ನು ಮುಟ್ಟಬಾರದು. ಮನುಷ್ಯನ ನೆಗಡಿ, ಕ್ಷಯ ಮೊದಲಾದ ರೋಗಗಳು ವಾನರಗಳಿಗೆ ಸುಲಭವಾಗಿ ತಗಲುತ್ತವೆ. ಅದಕ್ಕಿಂತ ಮುಖ್ಯವಾಗಿ, ಮನುಷ್ಯನ ತೋಳನ್ನು ನೆಚ್ಚಿಕೊಂಡ ಮರಿಗೆ ಮರದ ಕೊಂಬೆ ಅಪರಿಚಿತವಾಗಿಯೇ ಉಳಿಯುತ್ತದೆ. ಮನುಷ್ಯನಿಗೆ ಹೆದರದ ಪ್ರಾಣಿ ನಾಳೆ ಬೇಟೆಗಾರನಿಗೂ ಹೆದರುವುದಿಲ್ಲ. ಆದುದರಿಂದ ಸ್ವಯಂಸೇವಕನ ಪಾಲಿಗೆ ಬರುವುದು ಪಂಜರ ತೊಳೆಯುವುದು, ಸಗಣಿ ಬಾಚುವುದು, ಹಣ್ಣು ಹೆಚ್ಚುವುದು, ಸೊಪ್ಪಿನ ಹೊರೆ ಹೊರುವುದು, ಹಗ್ಗದ ಸೇತುವೆ ಕಟ್ಟುವುದು, ಟೊಳ್ಳು ದಿಮ್ಮಿಯೊಳಗೆ ಆಹಾರವನ್ನು ಬಚ್ಚಿಟ್ಟು ಪ್ರಾಣಿಗೆ ಹುಡುಕುವ ಅಭ್ಯಾಸ ಮಾಡಿಸುವುದು. ಮರಿಯನ್ನು ಅಪ್ಪಿಕೊಂಡು ಚಿತ್ರ ತೆಗೆಸಿಕೊಳ್ಳುವ ಆಸೆಯಿಂದ ಸಾಗರ ದಾಟಿದವನಿಗೆ ಇದು ನಿರಾಶೆ. ಆದರೆ ಧರ್ಮದ ಪಾಠ ಆರಂಭವಾಗುವುದು ಇಲ್ಲಿಂದಲೇ.

ಜಿನಾಗಮವು ಜೀವಗಳ ವಿಷಯದಲ್ಲಿ ತಾಳಬೇಕಾದ ನಾಲ್ಕು ಭಾವನೆಗಳನ್ನು ಬೋಧಿಸುತ್ತದೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿತರಲ್ಲಿ ಕಾರುಣ್ಯ, ವಿಮುಖರಲ್ಲಿ ಮಾಧ್ಯಸ್ಥ್ಯ. ಇವುಗಳಲ್ಲಿ ರಾಗವೆಂಬುದಕ್ಕೆ ಎಡೆಯಿಲ್ಲ. ಲೋಕದಲ್ಲಿ ಪ್ರಾಣಿಪ್ರೀತಿ ಎಂದು ಕರೆಸಿಕೊಳ್ಳುವುದರಲ್ಲಿ ಕಾರುಣ್ಯ ಎಷ್ಟು, ರಾಗ ಎಷ್ಟು ಎಂಬುದನ್ನು ತೂಗಿ ನೋಡಬೇಕು. ಮರಿ ಮುದ್ದಾಗಿದೆ, ಅದು ನನ್ನ ಕೈಯಲ್ಲಿರಲಿ ಎಂಬ ಆಸೆ ಪರಿಗ್ರಹದ ಒಂದು ರೂಪ. ಆ ಮರಿಯನ್ನು ತಾಯಿಯಿಂದ ಕಿತ್ತು ತಂದ ಪೇಟೆಯೂ ಅದೇ ಆಸೆಯ ಮೇಲೆ ನಿಂತಿದೆ. ಕೊಂಡವನೂ ತಾನು ಪ್ರಾಣಿಯನ್ನು ಪ್ರೀತಿಸುತ್ತೇನೆ ಎಂದೇ ಹೇಳುತ್ತಾನೆ. ಕೈ ಹಿಂತೆಗೆದುಕೊಂಡು, ಮುಖ ಮರೆಸಿಕೊಂಡು, ಮೆಚ್ಚುಗೆಯನ್ನೂ ಕೃತಜ್ಞತೆಯನ್ನೂ ಬಯಸದೆ ಪಂಜರ ತೊಳೆಯುವವನಲ್ಲಿ ಕಾರುಣ್ಯವು ರಾಗದಿಂದ ಬೇರ್ಪಡಲು ಆರಂಭಿಸುತ್ತದೆ.

ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಅಂದರೆ ಪ್ರಾಣಿಯನ್ನು ಕಟ್ಟಿಹಾಕುವುದು, ಕೂಡಿಹಾಕುವುದು. ಹಾಗಾದರೆ ಪುನರ್ವಸತಿ ಕೇಂದ್ರದ ಪಂಜರವೂ ಅತಿಚಾರವಲ್ಲವೇ ಎಂದು ಕೇಳಬಹುದು. ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಮಾದಯೋಗವನ್ನು ಮುಂದಿಟ್ಟಿದ್ದಾರೆ. ಕಷಾಯದಿಂದಲೋ ಅಜಾಗರೂಕತೆಯಿಂದಲೋ ಮಾಡಿದ ಬಂಧನ ಹಿಂಸೆ. ಆ ಜೀವದ ಹಿತಕ್ಕಾಗಿ, ಅಗತ್ಯವಿದ್ದಷ್ಟು ಕಾಲ, ಬಿಡುಗಡೆಯನ್ನೇ ಗುರಿಯಾಗಿಟ್ಟುಕೊಂಡು ಮಾಡಿದ ತಡೆ ವೈದ್ಯನ ಕಟ್ಟಿನಂತೆ. ದೆಹಲಿಯಲ್ಲಿ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯಲ್ಲಿ ಗಾಯಗೊಂಡ ಹಕ್ಕಿಗಳನ್ನು ಗೂಡುಗಳಲ್ಲಿಟ್ಟು ಚಿಕಿತ್ಸೆ ಮಾಡಿ, ಗುಣವಾದ ಮೇಲೆ ಆಕಾಶಕ್ಕೆ ಬಿಡುತ್ತಾರೆ. ಸೆಪಿಲೋಕ್‌ನ ಕ್ರಮಕ್ಕೂ ಇದಕ್ಕೂ ಸ್ವಭಾವದಲ್ಲಿ ಭೇದವಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೂರು ಅಲ್ಲಿ ಪ್ರತ್ಯಕ್ಷ. ಕಾಡಿನ ಪಾಠವನ್ನು ಶಾಸ್ತ್ರವೆಂದು ಎಣಿಸಿದರೆ ನಾಲ್ಕೂ ಇವೆ.

ಆದರೆ ಎಲ್ಲ ಕೇಂದ್ರಗಳೂ ಒಂದೇ ಬಗೆಯವಲ್ಲ. ಹೆಸರಿಗೆ ರಕ್ಷಣೆ, ನಡೆಯುವುದು ಪ್ರದರ್ಶನ ಎಂಬಂತಹವೂ ಜಗತ್ತಿನಲ್ಲಿವೆ. ಹಣ ಕೊಟ್ಟವರ ತೊಡೆಯ ಮೇಲೆ ಮರಿಯನ್ನು ಕೂರಿಸುತ್ತಾರೆ. ಮರಿ ದೊಡ್ಡದಾದರೆ ಮತ್ತೊಂದು ಮರಿ ಬೇಕಾಗುತ್ತದೆ. ಪಾಪವು ಮಾಡುವುದರಿಂದ ಮಾತ್ರವಲ್ಲದೆ ಮಾಡಿಸುವುದರಿಂದಲೂ ಅನುಮೋದಿಸುವುದರಿಂದಲೂ ಅಂಟುತ್ತದೆ ಎಂಬುದು ಜೈನಧರ್ಮದ ಸೂಕ್ಷ್ಮ ವಿವೇಕ. ಅಂಥಲ್ಲಿ ತೆಗೆಸಿಕೊಂಡ ಒಂದು ಚಿತ್ರವೂ ಅನುಮೋದನೆಯೇ. ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಸರಳ. ಆ ಕೇಂದ್ರ ಪ್ರಾಣಿಗಳನ್ನು ಕೊಳ್ಳುತ್ತದೆಯೇ? ಮರಿ ಮಾಡಿಸುತ್ತದೆಯೇ? ಗುಣವಾದವುಗಳನ್ನು ಕಾಡಿಗೆ ಬಿಡುತ್ತದೆಯೇ? ಅತಿಥಿಗೆ ಮುಟ್ಟಲು ಬಿಡುತ್ತದೆಯೇ? ಸ್ಥಳೀಯ ಕೆಲಸಗಾರನ ಸಂಬಳದ ಕೆಲಸವನ್ನು ಪರದೇಶಿ ಸ್ವಯಂಸೇವಕ ಕಿತ್ತುಕೊಳ್ಳುತ್ತಾನೆಯೇ? ಕೆಲವು ವಾರ ದುಡಿದು ಬರುವವನು, ಅದೇ ಪಂಜರವನ್ನು ವರ್ಷಗಟ್ಟಲೆ ತೊಳೆಯುವ ಆ ನಾಡಿನ ಕಾರ್ಮಿಕನಲ್ಲಿ ಪ್ರಮೋದಭಾವ ತಾಳದಿದ್ದರೆ ಅವನ ಸೇವೆ ಅಹಂಕಾರಕ್ಕೆ ಗೊಬ್ಬರವಾದೀತು.

ಹಿರಿಯರು ಎತ್ತುವ ಎರಡು ಆಕ್ಷೇಪಗಳು ಗಂಭೀರವಾದವು. ಗೃಹಸ್ಥನಿಗೆ ವಿಧಿಸಿದ ಗುಣವ್ರತಗಳಲ್ಲಿ ದಿಗ್ವ್ರತವೂ ಒಂದು. ದಿಕ್ಕುಗಳಲ್ಲಿ ತಿರುಗಾಟಕ್ಕೆ ಮಿತಿ ಹಾಕಿಕೊಂಡಷ್ಟೂ ಹಿಂಸೆ ತಗ್ಗುತ್ತದೆ. ವಿಮಾನವೇರಿ ಬೋರ್ನಿಯೊಗೆ ಹೋಗುವುದರಲ್ಲೇ ಎಷ್ಟೋ ಜೀವಗಳಿಗೆ ಬಾಧೆಯುಂಟು. ಬನ್ನೇರುಘಟ್ಟದಲ್ಲಿಯೇ, ಹಿಂದೆ ಬೀದಿಯಲ್ಲಿ ಮೂಗುದಾರ ಹಾಕಿ ಕುಣಿಸುತ್ತಿದ್ದ ಕರಡಿಗಳಿಗೆ ಆಶ್ರಯ ಕೊಟ್ಟ ಕೇಂದ್ರವಿರುವಾಗ ಸಾಗರ ದಾಟುವುದೇಕೆ? ಈ ಮಾತಿನಲ್ಲಿ ಸತ್ಯವಿದೆ. ಸಮೀಪದ ನೋವನ್ನು ಕಾಣದವನು ದೂರದ ನೋವಿಗೆ ಮರುಗಿದರೆ ಅದು ವಿಹಾರವೇ ಹೊರತು ವೈಯಾವೃತ್ಯವಲ್ಲ. ಪ್ರಯೋಜನವಿಲ್ಲದ ಓಡಾಟ ಅನರ್ಥದಂಡವೆನಿಸುತ್ತದೆ. ಆದುದರಿಂದ ಶ್ರಾವಕ ಮನೆಯ ತರುಣರು ಮೊದಲು ಊರಿನ ಗೋಶಾಲೆಯಲ್ಲೋ ಪಕ್ಷಿ ಚಿಕಿತ್ಸಾಲಯದಲ್ಲೋ ಒಂದು ವರ್ಷ ನಿಯಮದಿಂದ ದುಡಿಯಲಿ. ಆ ಮೇಲೂ ವಿದ್ಯೆಗಾಗಿ ದೂರ ಹೋಗಬೇಕೆನಿಸಿದರೆ, ಕಲಿತದ್ದನ್ನು ಹಿಂದಿರುಗಿ ಇಲ್ಲಿ ಬಳಸುವ ಸಂಕಲ್ಪವಿದ್ದರೆ, ಅಂತಹ ಪ್ರಯಾಣವನ್ನು ನಿಷ್ಪ್ರಯೋಜಕವೆನ್ನಲಾಗದು.

ಎರಡನೆಯ ಆಕ್ಷೇಪ ಅಡುಗೆಮನೆಯದು. ಮಧುತ್ಯಾಗ ಮತ್ತು ಅತ್ತಿ ಆಲ ಮೊದಲಾದ ಉದುಂಬರ ಫಲಗಳ ತ್ಯಾಗ ಶ್ರಾವಕನ ಮೂಲಗುಣಗಳಲ್ಲಿ ಸೇರಿವೆ. ಮಳೆಕಾಡಿನ ಪ್ರಾಣಿಗಳಿಗಾದರೋ ಅತ್ತಿಯ ಜಾತಿಯ ಹಣ್ಣುಗಳೇ ಜೀವಾಧಾರ. ಕರಡಿಗೆ ಜೇನು ಪ್ರಿಯ, ಗೆದ್ದಲು ಆಹಾರ. ಮಾಂಸಾಹಾರಿ ಪ್ರಾಣಿಗಳನ್ನೂ ಸಲಹುವ ಕೇಂದ್ರಗಳಲ್ಲಿ ಸಮಸ್ಯೆ ಇನ್ನೂ ಕಠಿಣ. ವ್ರತವಿರುವುದು ಆಯ್ದುಕೊಳ್ಳಬಲ್ಲವನಿಗೆ. ಕರಡಿಯ ಹಸಿವಿನ ಮೇಲೆ ಮನುಷ್ಯ ತನ್ನ ವ್ರತವನ್ನು ಹೇರಿದರೆ ಅದು ಅನ್ನಪಾನ ನಿರೋಧವೆಂಬ ಇನ್ನೊಂದು ಅತಿಚಾರವಾಗುತ್ತದೆ. ಹಾಗೆಂದು ತನ್ನ ಕೈಯಿಂದ ಮಾಂಸ ಕತ್ತರಿಸುವ, ಜೇನು ಬಳಿಯುವ ಕೆಲಸವನ್ನು ವ್ರತಿಯು ಒಪ್ಪಿಕೊಳ್ಳಬೇಕಾಗಿಲ್ಲ. ಸೊಪ್ಪು ಹೊರುವ, ನೆಲ ತೊಳೆಯುವ, ಹಗ್ಗ ಕಟ್ಟುವ ಕೆಲಸಗಳು ಬೇಕಾದಷ್ಟಿವೆ. ಸೇರುವ ಮೊದಲೇ ಇದನ್ನು ವಿನಯದಿಂದ ತಿಳಿಸಬೇಕು. ಒಪ್ಪದ ಕಡೆಗೆ ಹೋಗಬಾರದು. ಇತರರನ್ನು ಹಳಿಯಬಾರದು. ಹೀಗೆ ಮಾಡಿದರೂ ಸಮಸ್ಯೆ ಪೂರ್ತಿ ಬಗೆಹರಿಯಿತೆಂದು ಹೇಳಲಾಗದು. ಸಂಸಾರದಲ್ಲಿರುವ ಯಾವ ಕಾರುಣ್ಯವೂ ಸಂಪೂರ್ಣ ನಿರವದ್ಯವಲ್ಲ. ಆ ಅರಿವಿನಿಂದಲೇ ಗೃಹಸ್ಥನ ವ್ರತಕ್ಕೆ ಅಣುವ್ರತವೆಂದು ಹೆಸರಾಯಿತು.

ಕಾಡಿನ ಹಾದಿಯಲ್ಲಿ ಈರ್ಯಾಸಮಿತಿಯ ಅರ್ಥವೂ ಹೊಸದಾಗಿ ತಿಳಿಯುತ್ತದೆ. ಮಲೆನಾಡಿನವರು ಬಲ್ಲ ಇಂಬಳ ಅಲ್ಲಿಯೂ ಉಂಟು. ಶಾಸ್ತ್ರವು ಜಿಗಣೆಯ ಜಾತಿಯನ್ನು ದ್ವೀಂದ್ರಿಯ ಜೀವಗಳಲ್ಲಿ ಎಣಿಸಿದೆ. ಐದು ಇಂದ್ರಿಯಗಳೂ ಮನಸ್ಸೂ ಇರುವ ವನಮಾನವನಿಗಾಗಿ ಕಣ್ಣೀರಿಡುವವನು ಕಾಲಿಗೆ ಹತ್ತಿದ ಇಂಬಳವನ್ನು ಉಪ್ಪೆರಚಿ ಕೊಲ್ಲುತ್ತಾನೋ, ಉಗುರಿನಿಂದ ಮೆಲ್ಲನೆ ಜಾರಿಸಿ ಎಲೆಯ ಮೇಲೆ ಬಿಡುತ್ತಾನೋ? ಅವನ ಕಾರುಣ್ಯದ ಪರೀಕ್ಷೆ ಅಲ್ಲಿ ನಡೆಯುತ್ತದೆ.

ಇನ್ನು, ಹೊರಡದೆ ಮನೆಯಲ್ಲಿಯೇ ಉಳಿಯುವವರ ಮಾತು. ಬೋರ್ನಿಯೊದ ಕಾಡು ಕರಗಿದ್ದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಎಣ್ಣೆತಾಳೆಯ ತೋಟ. ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಭಾರತ. ಅದರ ಬಹುಪಾಲು ಬರುವುದು ಇಂಡೊನೇಷ್ಯಾ ಮತ್ತು ಮಲೇಷ್ಯಾಗಳಿಂದ. ಪಾಮೊಲಿನ್ ಡಬ್ಬಿಯಲ್ಲಿ, ಬಿಸ್ಕತ್ತಿನಲ್ಲಿ, ಕರಿದ ತಿಂಡಿಯಲ್ಲಿ, ಸಾಬೂನಿನಲ್ಲಿ ಅದು ಮನೆಯೊಳಗೆ ಬರುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಸಮಾಧಾನಗೊಳ್ಳುವ ಕಣ್ಣು ಅದರ ಕೆಳಗಿನ ಸಾಲುಗಳನ್ನೂ ಓದಬೇಕು. ತೋಟದವನನ್ನು ದ್ವೇಷಿಸುವುದರಿಂದ ಫಲವಿಲ್ಲ. ಆ ತೋಟಗಳಲ್ಲಿ ದುಡಿದು ಮಕ್ಕಳನ್ನು ಓದಿಸುವ ಬಡವರೂ ಇದ್ದಾರೆ, ಅಲ್ಲಿ ಮಾಧ್ಯಸ್ಥ್ಯವೇ ದಾರಿ. ಭೋಗೋಪಭೋಗ ಪರಿಮಾಣ ವ್ರತವಾದರೋ ಪ್ರತಿಯೊಬ್ಬ ಗೃಹಸ್ಥನ ಕೈಯಲ್ಲೇ ಇದೆ. ಚತುರ್ದಶಿಯಂದು ಹಸಿರು ತರಕಾರಿ ಬಿಡುವ ಮನೆ ವಾರಕ್ಕೆರಡು ದಿನ ಕರಿದ ತಿಂಡಿಯನ್ನೂ ಬಿಡಬಲ್ಲದು. ಊರಿನ ಗಾಣದಲ್ಲಿ ಶೇಂಗಾ ಎಣ್ಣೆಯೋ ತೆಂಗಿನೆಣ್ಣೆಯೋ ಸಿಗುವಲ್ಲಿ ಅದನ್ನೇ ಬಳಸಬಲ್ಲದು.

ನೇಮಿನಾಥರು ಬೇಲಿಯೊಳಗಿನ ಮೃಗಗಳನ್ನು ಮುದ್ದಿಸಲಿಲ್ಲ, ಅರಮನೆಗೆ ಒಯ್ದು ಸಾಕಲೂ ಇಲ್ಲ. ತಮ್ಮ ಮದುವೆಯ ಔತಣವೇ ಅವುಗಳ ಸಂಕಟಕ್ಕೆ ಕಾರಣವೆಂದು ತಿಳಿದು ಆ ಔತಣವನ್ನೇ ತೊರೆದರು. ಮಳೆಕಾಡಿಗೆ ಹೊರಟು ನಿಂತ ಮಗಳಿಗೆ ಆಶೀರ್ವದಿಸುವ ತಾಯಿತಂದೆಯರು ಅವಳ ಪೆಟ್ಟಿಗೆಯಲ್ಲಿ ಈ ಕಥೆಯನ್ನೂ ಇಟ್ಟು ಕಳುಹಿಸಲಿ. ಅವಳು ಹಿಂದಿರುಗುವಷ್ಟರಲ್ಲಿ ಅಡುಗೆಮನೆಯ ಎಣ್ಣೆ ಡಬ್ಬಿಯೊಂದನ್ನು ಬದಲಿಸಿರಲಿ.