ಅಡಿಬರಹವೇ ಪ್ರಮಾಣವಲ್ಲ

ಎರಡನೆಯ ಮಹಾಯುದ್ಧದ ಛಾಯಾಚಿತ್ರಗಳು ಇಂದು ಗ್ರಂಥಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ನಿವೃತ್ತ ಯೋಧರ ಮನೆಯ ಆಲ್ಬಮ್‌ಗಳಲ್ಲಿಯೂ ಹೇರಳವಾಗಿ ದೊರೆಯುತ್ತವೆ. ಅವುಗಳಲ್ಲಿನ ಲಾರಿ, ಜೀಪು, ಕವಚವಾಹನಗಳ ಕೆಳಗೆ ಯಾರೋ ಬರೆದ ಒಂದು ಸಾಲನ್ನು ಓದಿ, ಅಷ್ಟನ್ನೇ ನಂಬಿ ಮುಂದೆ ಸಾಗುವುದು ಲೋಕರೂಢಿ. ತಾರ್ಕಿಕರ ಮತದಂತೆ ಆಪ್ತನ ಮಾತು ಮಾತ್ರ ಶಬ್ದಪ್ರಮಾಣ. ಬರೆದವನು ಆಪ್ತನೋ ಅಲ್ಲವೋ ತಿಳಿಯದಿರುವಾಗ ಚಿತ್ರವನ್ನೇ ಪ್ರತ್ಯಕ್ಷವಾಗಿರಿಸಿಕೊಂಡು ಅನುಮಾನದಿಂದ ನಿರ್ಣಯಕ್ಕೆ ಬರುವುದು ವಿವೇಕಿಗಳ ಮಾರ್ಗ.

ಜೀಪನ್ನೇ ನಿದರ್ಶನವಾಗಿ ನೋಡಬಹುದು. ಯುದ್ಧಕಾಲದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಇವನ್ನು 6 ಲಕ್ಷಕ್ಕೂ ಮಿಕ್ಕು ನಿರ್ಮಿಸಿದವು. ವಿಲ್ಲಿಸ್‌ನ ಮೊದಮೊದಲ ಜೀಪುಗಳ ಮುಂಭಾಗದಲ್ಲಿ ಕಬ್ಬಿಣದ ಪಟ್ಟಿಗಳನ್ನು ಬೆಸೆದ ಜಾಲರಿಯಿತ್ತು. 1942ರಿಂದ ಅದರ ಸ್ಥಾನದಲ್ಲಿ ಒಂದೇ ತಗಡನ್ನು ಅಚ್ಚೊತ್ತಿ ಮಾಡಿದ, ಒಂಬತ್ತು ಸೀಳುಗಳ ಜಾಲರಿ ಬಂದಿತು. ಯುದ್ಧಾನಂತರ ನಾಗರಿಕರಿಗಾಗಿ ವಿಲ್ಲಿಸ್ ಹೊರತಂದ ಜೀಪಿಗೆ ಇದ್ದುದು ಏಳೇ ಸೀಳು, ದೀಪಗಳೂ ದೊಡ್ಡವು. ಏಳು ಸೀಳಿನ ಜೀಪಿನ ಚಿತ್ರದ ಕೆಳಗೆ ‘1943ರ ರಣರಂಗ’ ಎಂದು ಬರೆದಿದ್ದರೆ ಆ ಬರಹ ಸಲ್ಲದು. ಏಳನ್ನು ಎಣಿಸಬಲ್ಲ ಬಾಲಕನೂ ಇಲ್ಲಿ ಪಂಡಿತನನ್ನು ತಿದ್ದಬಲ್ಲನು.

ಆದರೆ ಒಂದೇ ಲಕ್ಷಣವನ್ನು ನೆಚ್ಚುವುದೂ ಅಪಾಯಕರವೇ. ಜರ್ಮನ್ ಭೂಸೇನೆಯ ವಾಹನಗಳ ಸಂಖ್ಯೆಗೆ ಮುಂದೆ ‘ಡಬ್ಲ್ಯೂಎಚ್’ ಎಂದೂ, ವಾಯುಸೇನೆಯವುಗಳಿಗೆ ‘ಡಬ್ಲ್ಯೂಎಲ್’ ಎಂದೂ ಬರೆಯುತ್ತಿದ್ದರು. ಇಂಥ ಗುರುತಿನಿಂದ ಒಡೆಯನು ತಿಳಿಯುತ್ತಾನೆಯೇ ಹೊರತು ನಿರ್ಮಾಪಕನಲ್ಲ. 1941ರಲ್ಲಿ ಉತ್ತರ ಆಫ್ರಿಕದಲ್ಲಿ ಜರ್ಮನರು ಬ್ರಿಟಿಷರಿಂದ ‘ಡಾರ್ಚೆಸ್ಟರ್’ ಎಂಬ ಭಾರಿ ಕವಚವಾಹನಗಳನ್ನು ವಶಪಡಿಸಿಕೊಂಡು, ‘ಮಾಮುಟ್’ ಎಂದು ಹೆಸರಿಟ್ಟು ಬಳಸಿದರು. ಸೇನಾನಿ ರೊಮೆಲ್ ಅದರಲ್ಲಿಯೇ ಸಂಚರಿಸಿದನು. ಮೈಮೇಲಿನ ಜರ್ಮನ್ ಚಿಹ್ನೆಯನ್ನು ಕಂಡು ಅದು ಜರ್ಮನಿಯ ನಿರ್ಮಾಣವೆಂದವನು ತಪ್ಪಿದನು; ಒಡಲನ್ನು ಕಂಡು ಬ್ರಿಟಿಷ್ ಸೇನೆಯದೆಂದವನೂ ತಪ್ಪಿದನು. ಇನ್ನು ಚಿತ್ರವನ್ನು ತಿರುವುಮುರುವಾಗಿ ಮುದ್ರಿಸಿದಾಗ ಬಲಗಡೆಯ ಚಾಲಕಚಕ್ರ ಎಡಗಡೆಗೆ ಕಾಣುತ್ತದೆ. ಆಗ ಅಕ್ಷರಗಳು ಕನ್ನಡಿಯಲ್ಲಿನಂತೆ ಮಗುಚಿವೆಯೇ ಎಂದು ನೋಡಬೇಕು. ಓಲೆಗರಿಯನ್ನು ಸಂಪಾದಿಸುವವನು ಲಿಪಿಕಾರನ ಪ್ರಮಾದವನ್ನು ಹುಡುಕುವ ರೀತಿಯೂ ಇದೇ ಅಲ್ಲವೇ?

ಇಷ್ಟೆಲ್ಲ ಶ್ರಮ ಕಬ್ಬಿಣದ ವಾಹನಗಳಿಗಾಗಿ ಏಕೆಂದು ಕೆಲವರು ಕೇಳಬಹುದು. ಉತ್ತರ ವಾಹನದಲ್ಲಿಲ್ಲ, ಅದರೊಳಗೆ ಕುಳಿತ ಮನುಷ್ಯನಲ್ಲಿದೆ. ಆ ಯುದ್ಧದಲ್ಲಿ ಸೇವೆ ಸಲ್ಲಿಸಿದ ಭಾರತೀಯ ಯೋಧರ ಸಂಖ್ಯೆ ಸುಮಾರು 25 ಲಕ್ಷ. ಆದರೂ ಮರುಭೂಮಿಯ ಲಾರಿಯೊಂದರ ಚಿತ್ರಕ್ಕೆ ‘ಬ್ರಿಟಿಷ್ ಸೈನ್ಯ’ ಎಂಬ ಎರಡು ಪದಗಳನ್ನು ಅಂಟಿಸಿದರೆ ಇವರೆಲ್ಲರೂ ಮರೆಯಾಗುತ್ತಾರೆ. ಆ ಲಾರಿಯ ಮಡ್‌ಗಾರ್ಡಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದಿನ ಚಿತ್ರವಿದ್ದರೆ ಅದು 4ನೆಯ ಭಾರತೀಯ ಡಿವಿಜನ್ನಿನ ಕೆಂಪು ಹದ್ದಿರಬಹುದೆಂದು ಪರಿಶೀಲಿಸಬೇಕು. ಕಪ್ಪುಬಿಳುಪು ಚಿತ್ರದಲ್ಲಿ ಕೆಂಪು ಕಾಣದಿದ್ದರೂ ಆಕಾರ ಕಾಣುತ್ತದೆ. ಆ ಡಿವಿಜನ್ನಿನಲ್ಲಿ ಬ್ರಿಟಿಷ್ ದಳಗಳೂ ಇದ್ದುದರಿಂದ ಚಾಲಕನು ಭಾರತೀಯನೇ ಎಂದು ಹದ್ದೊಂದರಿಂದಲೇ ಸಾಧಿಸಲಾಗದು. ಅಲ್ಲಿಗೆ ನಿಲ್ಲುವುದೇ ಪ್ರಾಮಾಣಿಕತೆ. ಆದರೆ ಹದ್ದನ್ನು ನೋಡದೆಯೇ ಬರೆದ ಅಡಿಬರಹ ಕೃತಘ್ನತೆಗೆ ಎಡೆಮಾಡಿಕೊಡುತ್ತದೆ.

ಆದುದರಿಂದ ಈ ವಿದ್ಯೆಯನ್ನು ಹವ್ಯಾಸಿಗಳ ವಿನೋದವೆಂದು ಕಡೆಗಣಿಸದೆ ಶಾಲೆಯ ಚರಿತ್ರಪಾಠದಲ್ಲಿ ಅಳವಡಿಸುವುದು ಯುಕ್ತ. ಇದಕ್ಕೆ ದೊಡ್ಡ ವೆಚ್ಚವೇನೂ ಇಲ್ಲ. ಒಂದು ಭೂತಗನ್ನಡಿಯೂ ಎರಡು ಮೂರು ಒಳ್ಳೆಯ ಚಿತ್ರಗಳೂ ಸಾಕು. ಉಪಾಧ್ಯಾಯರು ಅಡಿಬರಹವನ್ನು ಮುಚ್ಚಿ ಚಿತ್ರವನ್ನು ತೋರಿಸಲಿ. ವಿದ್ಯಾರ್ಥಿಗಳು ಚಕ್ರ, ಜಾಲರಿ, ಸಂಖ್ಯೆ, ಚಿಹ್ನೆಗಳನ್ನು ಒಂದೊಂದಾಗಿ ಪಟ್ಟಿಮಾಡಿ, ಕೊನೆಯಲ್ಲಿ ಬರಹದೊಡನೆ ಹೋಲಿಸಲಿ. ಲಕ್ಷಣಗಳು ಸಾಲದಿದ್ದರೆ ‘ನಿರ್ಣಯವಾಗಿಲ್ಲ’ ಎಂದು ಬರೆಯುವ ಧೈರ್ಯವನ್ನೂ ಕಲಿಯಲಿ. ಹಿರಿಯರ ಆಲ್ಬಮ್‌ಗಳನ್ನು ಕಾಪಾಡಿರುವ ಮನೆಯವರು ಚಿತ್ರದ ಅಂಚನ್ನು ಕತ್ತರಿಸದೆ, ಬೆನ್ನಿನ ಬರಹವನ್ನು ಅಳಿಸದೆ, ಬಲ್ಲವರು ಇರುವಾಗಲೇ ಊರು, ವರ್ಷ, ಹೆಸರುಗಳನ್ನು ಬೇರೆ ಕಾಗದದಲ್ಲಿ ಬರೆದಿಡುವುದು ಲೇಸು. ಮುಂದಿನ ಪೀಳಿಗೆಗೆ ಅದೇ ಆಪ್ತವಾಕ್ಯವಾದೀತು.