ಕಸವೋ, ಅಟ್ಟದ ಸಾಮಾನೋ?

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವವನು. ಡಿ.ಎನ್.ಎ. ವಿಷಯವಾಗಿ ಬರೆಯಹೊರಟದ್ದು ಅಧಿಕಪ್ರಸಂಗವೆಂದು ಯಾರಾದರೂ ಅಂದರೆ ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ತಕರಾರಿರುವುದು ಒಂದು ಶಬ್ದದ ಮೇಲೆ. ಶಬ್ದದ ವಿಚಾರದಲ್ಲಿ ಬಾಯಿ ಹಾಕಲು ನಮಗೂ ಅಷ್ಟಿಷ್ಟು ಹಕ್ಕುಂಟು.

ನಮ್ಮ ವಿಚಾರಸಂಘದ ಸಭೆಯೊಂದಕ್ಕೆ ಅತಿಥಿಗಳಾಗಿ ಬಂದಿದ್ದ ವಿದ್ವಾಂಸರೊಬ್ಬರು ಮನುಷ್ಯನ ಆನುವಂಶಿಕ ದ್ರವ್ಯವನ್ನು ಕುರಿತು ಸೊಗಸಾಗಿ ಮಾತನಾಡಿದರು. ಅದರಲ್ಲಿ ಪ್ರೋಟೀನುಗಳನ್ನು ಕಟ್ಟಲು ನೇರವಾಗಿ ಬೇಕಾಗುವ ಭಾಗ ನೂರಕ್ಕೆ ಎರಡನ್ನು ಮೀರದೆಂದೂ, ಉಳಿದುದರಲ್ಲಿ ಬಹುಪಾಲು ‘ಕಸ’ವೆಂದೂ ಹೇಳಿ ಮುಂದೆ ಹೋದರು. ಸಭೆ ನಕ್ಕಿತು. ನನಗೆ ಮಾತ್ರ ಆ ಶಬ್ದ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತಾಯಿತು. ಕಸವೆಂದ ಮೇಲೆ ಅಲ್ಲಿ ಕೈಯಿಟ್ಟು ಹುಡುಕುವವರಾರು?

ಇಂಗ್ಲಿಷಿನ ‘ಜಂಕ್’ ಎಂಬ ಮಾತನ್ನು 1972ರಲ್ಲಿ ಈ ಅರ್ಥಕ್ಕೆ ಪ್ರಸಿದ್ಧಗೊಳಿಸಿದವರು ಸುಸುಮು ಓನೋ. ಆ ಭಾಷೆಯಲ್ಲಿ ಎರಡು ಶಬ್ದಗಳಿವೆಯೆಂದು ಸಿಡ್ನಿ ಬ್ರೆನ್ನರ್ ಮುಂದೆ ನೆನಪಿಸಿದರು: ಹೊರಗೆ ಚೆಲ್ಲುವುದು ‘ಗಾರ್ಬೇಜ್’, ಮನೆಯಲ್ಲೇ ಬಿದ್ದಿರುವುದು ‘ಜಂಕ್’. ನಮ್ಮ ಕಸ ಪೊರಕೆಗೆ ಸೇರಿದ್ದು. ಇಲ್ಲಿ ಹೇಳಬೇಕಾದದ್ದು ಅಟ್ಟದ ಸಾಮಾನು: ಕಾಲು ಮುರಿದ ಕುರ್ಚಿ, ಬುಡ ತೂತಾದ ಕೊಳದಪ್ಪಲೆ, ಅಜ್ಜನ ಕಂದೀಲು. ಅವುಗಳನ್ನು ಯಾರೂ ಬೇಕೆಂದು ಇಟ್ಟುಕೊಂಡದ್ದಲ್ಲ, ಎಸೆಯುವವರಿಲ್ಲದೆ ಉಳಿದವು.

ಆದರೆ ಈ ಅಟ್ಟದ ವಿಶೇಷವೆಂದರೆ ಸಾಮಾನುಗಳು ಇಟ್ಟಲ್ಲಿ ಇರುವುದಿಲ್ಲ. ಮೆಕ್ಕೆಜೋಳದ ಕಾಳುಗಳ ಮೇಲಿನ ಬಣ್ಣದ ಮಚ್ಚೆಗಳನ್ನು ವರ್ಷಗಟ್ಟಲೆ ನೋಡಿ, ವರ್ಣತಂತುಗಳಲ್ಲಿ ಸ್ಥಳ ಬದಲಿಸುವ ತುಣುಕುಗಳಿವೆಯೆಂದು ಕಂಡುಕೊಂಡವರು ಬಾರ್ಬರಾ ಮೆಕ್‌ಕ್ಲಿಂಟಾಕ್. 1951ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನ ವಿದ್ವತ್ಸಭೆಯಲ್ಲಿ ಆಕೆ ಇದನ್ನು ವಿವರಿಸಿದಾಗ ಸಭಿಕರಲ್ಲಿ ಉತ್ಸಾಹ ಕಾಣಲಿಲ್ಲ. ನೊಬೆಲ್ ಪಾರಿತೋಷಕ ಬಂದದ್ದು 1983ರಲ್ಲಿ, ಆಕೆಯ 81ನೆಯ ವಯಸ್ಸಿನಲ್ಲಿ. 2001ರಲ್ಲಿ ಮಾನವ ಜೀನೋಮಿನ ಕರಡು ಪ್ರಕಟವಾದಾಗ ನೂರಕ್ಕೆ ಸುಮಾರು 45 ಪಾಲು ಇಂಥ ಅಲೆಮಾರಿ ತುಣುಕುಗಳೂ ಅವುಗಳ ಅವಶೇಷಗಳೂ ಎಂದು ತಿಳಿಯಿತು.

ವಾನರವರ್ಗದಲ್ಲಿ ಇವುಗಳ ಪೈಕಿ ಸಂಖ್ಯಾಬಲವುಳ್ಳದ್ದು ‘ಆಲು’. ಬ್ಯಾಕ್ಟೀರಿಯವೊಂದರ ಕಿಣ್ವದಿಂದ ಬಂದ ಹೆಸರು. ಹಾಸ್ಟೆಲಿನ ಪಲ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಉದ್ದ ಸುಮಾರು 300 ಅಕ್ಷರ, ನಮ್ಮಲ್ಲಿರುವ ಪ್ರತಿಗಳು 10 ಲಕ್ಷಕ್ಕೂ ಮಿಗಿಲು. ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ಶಕ್ತಿ ಇದಕ್ಕಿಲ್ಲ. ‘ಎಲ್-1’ ಎಂಬ ಇನ್ನೊಂದು ಅಲೆಮಾರಿಯ ಸಲಕರಣೆಯನ್ನು ಬಳಸಿಕೊಂಡು ಹರಡುತ್ತದೆ. ಪರರ ಒಲೆಯ ಮೇಲೆ ತನ್ನ ರೊಟ್ಟಿ ಸುಟ್ಟುಕೊಳ್ಳುವ ಆಸಾಮಿ.

ಇಂಥ ಒಂದು ಆಲು ನಮ್ಮ ಪೂರ್ವಜರ ಬಾಲಕ್ಕೆ ಏನು ಮಾಡಿತೆಂಬುದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಾಸ್ಟೆಲಿನ ಮಾಡಿನ ಮೇಲೆ ಕುಣಿಯುವ ಮಂಗಗಳಿಗೆ ಬಾಲವುಂಟು. ಗಿಬ್ಬನ್, ಒರಾಂಗುಟಾನ್, ಗೊರಿಲ್ಲ, ಚಿಂಪಾಂಜಿ ಮತ್ತು ಮನುಷ್ಯನಿಗೆ ಇಲ್ಲ. 1927ರಲ್ಲೇ ಮೋಟುಬಾಲದ ಇಲಿಗಳ ಮೂಲಕ ಪರಿಚಿತವಾಗಿದ್ದ, ಈಗ ಟಿಬಿಎಕ್ಸ್‌ಟಿ ಎಂದು ಕರೆಯುವ ಜೀನಿನೊಳಕ್ಕೆ ಸುಮಾರು 2.5 ಕೋಟಿ ವರ್ಷಗಳ ಹಿಂದೆ ಒಂದು ಆಲು ಬಂದು ಕುಳಿತಿತು. ಕುಳಿತದ್ದಾದರೂ ಎಲ್ಲಿ? ಪ್ರೋಟೀನಿಗೆ ಬೇಡವೆಂದು ಕತ್ತರಿಸಿಹೋಗುವ ಇಂಟ್ರಾನ್ ಎಂಬ ಭಾಗದಲ್ಲಿ. ಪಕ್ಕದ ಇಂಟ್ರಾನಿನಲ್ಲಿ ಇನ್ನೂ ಹಳೆಯದೊಂದು ಆಲು ತಿರುಗುಮುರುಗಾಗಿ ಕುಳಿತಿತ್ತು. ಆರ್.ಎನ್.ಎ. ತಯಾರಾದಾಗ ಇವೆರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ; ನಡುವೆ ಇರುವ ಅರ್ಥವುಳ್ಳ ಭಾಗ ಕುಣಿಕೆಯಂತೆ ಹೊರಬಾಗಿ, ಅದೂ ಎಷ್ಟೋ ಸಲ ಕತ್ತರಿಸಿಹೋಗುತ್ತದೆ. ಹೀಗೆ ಒಂದೇ ಜೀನಿನಿಂದ ಪೂರ್ಣ ಪ್ರೋಟೀನೂ ಮೊಟಕು ಪ್ರೋಟೀನೂ ಹುಟ್ಟುತ್ತವೆ. ಇಲಿಗಳಲ್ಲಿ ಎರಡೂ ಹುಟ್ಟುವಂತೆ ಮಾಡಿದಾಗ ಕೆಲವಕ್ಕೆ ಬಾಲ ಮೋಟಾಯಿತು, ಕೆಲವಕ್ಕೆ ಇಲ್ಲವೇ ಇಲ್ಲವಾಯಿತು. ಬಾಲ ಹೋದುದಕ್ಕೆ ಇದೊಂದೇ ಕಾರಣವೆಂದು ಆ ವಿದ್ವಾಂಸರು ಸಾಧಿಸಹೊರಟಿಲ್ಲ. ಆದರೆ ಕೆಲವು ಇಲಿಮರಿಗಳಲ್ಲಿ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ದೋಷವೂ ಕಂಡಿತು. ಮನುಷ್ಯರ ಕೂಸುಗಳಲ್ಲಿ ಇದನ್ನು ಹೋಲುವ ಸ್ಪೈನಾ ಬಿಫಿಡಾ ಎಂಬ ಅಂಗವೈಕಲ್ಯವುಂಟು. ನಮ್ಮ ಪೂರ್ವಜರು ಬಾಲ ಕಳೆದುಕೊಂಡದ್ದಕ್ಕೆ ಇಂಥದೊಂದು ಬೆಲೆ ತೆತ್ತಿರಬಹುದೆಂಬುದು ಅವರ ಊಹೆ. ಓದಿದಾಗ ನನಗೆ ಬಾಲದ ತಮಾಷೆಯೆಲ್ಲ ಇಳಿದುಹೋಯಿತು.

ಇನ್ನೊಂದು ಸಂಗತಿಯನ್ನು ನಮ್ಮ ಹಳ್ಳಿಯ ಮಾತೇ ಸೂಚಿಸುತ್ತದೆ. ಹಸು ಕರು ಹಾಕಿದ ಮೇಲೆ ಬೀಳುವ ಮಾಸಿಗೆ ಎಷ್ಟೋ ಕಡೆ ‘ಕಸ’ವೆಂದೇ ಹೆಸರು. ಅದು ಹೊರಬಿದ್ದ ಮೇಲೆ ಕಸ. ಒಳಗಿದ್ದಾಗ ಕರುವಿನ ಪ್ರಾಣ. ಮನುಷ್ಯರ ಮಾಸಿನ ಹೊರಪದರದ ಜೀವಕೋಶಗಳನ್ನು ಒಂದಾಗಿ ಬೆಸೆಯುವ ‘ಸಿನ್ಸಿಟಿನ್’ ಎಂಬ ಪ್ರೋಟೀನು ಬಂದಿರುವುದು, ಹಿಂದೆಂದೋ ಪೂರ್ವಜರ ವಂಶಕ್ಕೆ ಅಂಟಿ ಅಲ್ಲೇ ಉಳಿದ ವೈರಾಣುವಿನ ಜೀನಿನಿಂದ. ದಕ್ಷಿಣ ಅಮೆರಿಕದ ಗೂಬೆಮಂಗಗಳಲ್ಲಿ ಎಲ್-1ರ ಸಲಕರಣೆ ಒಂದು ಜೀನಿನ ಪ್ರತಿಯನ್ನು ಇನ್ನೊಂದರೊಳಗೆ ತುರುಕಿದ್ದರಿಂದ ಹೊಸ ಜೀನೇ ಹುಟ್ಟಿತು. ಅದರ ಪ್ರೋಟೀನು ಎಚ್.ಐ.ವಿ.-1 ವೈರಾಣುವನ್ನು ತಡೆಯುತ್ತದೆಂದು 2004ರಲ್ಲಿ ಗೊತ್ತಾಯಿತು. ಏಷ್ಯದ ಕೆಲವು ಮಂಗಗಳಲ್ಲಿ ಇಂಥದೇ ಬೆಸುಗೆ ಪ್ರತ್ಯೇಕವಾಗಿ ಮತ್ತೊಮ್ಮೆ ಆಗಿದೆ.

ಹಾಗೆಂದು ಅಟ್ಟವನ್ನೆಲ್ಲ ನಿಧಿಯೆನ್ನುವವರ ಪಕ್ಷಕ್ಕೂ ನಾನು ಸೇರಲಾರೆ. 2012ರಲ್ಲಿ ‘ಎನ್‌ಕೋಡ್’ ಯೋಜನೆಯವರು ಜೀನೋಮಿನ ನೂರಕ್ಕೆ 80 ಪಾಲಿಗೆ ಏನಾದರೊಂದು ಜೀವರಾಸಾಯನಿಕ ಕಾರ್ಯವುಂಟೆಂದಾಗ ‘ಕಸವೆಂಬುದೇ ಇಲ್ಲ’ ಎಂದು ಕೆಲವರು ಡಂಗುರ ಹೊಡೆದರು. ಈರುಳ್ಳಿಯ ಜೀನೋಮು ನಮ್ಮದರ ಸುಮಾರು ಐದು ಪಟ್ಟು ದೊಡ್ಡದು. ಅಷ್ಟೆಲ್ಲ ಅಕ್ಷರ ಈರುಳ್ಳಿಗೇಕೆ ಬೇಕೆಂಬ ಪ್ರಶ್ನೆಗೆ ಡಂಗುರದವರು ಉತ್ತರ ಕೊಡಬೇಕು. ಅಲೆಮಾರಿಗಳು ನಮ್ಮ ಹಿತ ಬಯಸಿ ಬಂದವುಗಳೂ ಅಲ್ಲ. ರಕ್ತ ಹೆಪ್ಪುಗಟ್ಟಿಸುವ ಜೀನಿನೊಳಕ್ಕೆ ಹೊಸದಾಗಿ ಎಲ್-1 ನುಗ್ಗಿದ್ದರಿಂದಲೇ ಇಬ್ಬರು ಹುಡುಗರಿಗೆ ಹೀಮೋಫಿಲಿಯ ಬಂದದ್ದು 1988ರಲ್ಲಿ ವರದಿಯಾಯಿತು. ಬಹುಪಾಲು ತುಣುಕುಗಳು ಎಂದೋ ಸತ್ತು ಸುಮ್ಮನೆ ಬಿದ್ದಿವೆ. ಎಲ್ಲೋ ಒಂದು ಕೆಲಸಕ್ಕೆ ಬಂದಿದೆ, ಎಲ್ಲೋ ಒಂದು ಮನೆಯನ್ನೇ ಕೆಡಿಸಿದೆ. ಯಾವುದು ಯಾವುದೆಂದು ಹತ್ತಿ ನೋಡಿದವರಿಗಷ್ಟೇ ತಿಳಿದೀತು.

ಆದ್ದರಿಂದ ನಮ್ಮ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಜೀನುಗಳ ಮಾರ್ಪಾಡನ್ನು ಬೋಧಿಸುವಾಗ ಒಂದಕ್ಷರ ತಪ್ಪುವುದನ್ನು ಮಾತ್ರವಲ್ಲದೆ, 300 ಅಕ್ಷರ ಒಟ್ಟಿಗೇ ಬಂದು ಕೂರುವುದನ್ನೂ ಹೇಳಿಕೊಡಿ. ‘ಅಟ್ಟದ ಸಾಮಾನು’ ಪಾರಿಭಾಷಿಕ ಪದವಾಗಲು ಉದ್ದವಾಯಿತೆಂದು ನನ್ನ ಕೋಣೆಯ ಗೆಳೆಯರು ಆಕ್ಷೇಪಿಸಿದ್ದಾರೆ. ಚಿಕ್ಕ ಪದ ಹೊಳೆದವರು ತಿಳಿಸಿದರೆ ಸಂತೋಷ, ‘ಕಸ’ವೊಂದನ್ನು ಬಿಟ್ಟು.